ಒಂದು ಕೊಡ ಮಣ್ಣು

ನಮ್ಮೂರಿನ ಹೊಲಗಳಿಗೆಲ್ಲ ಗಾಳಿಮದ್ದು ಹಾಕಿದವನು ನಾನೇ. ಯಾರೂ ಬಲವಂತ ಮಾಡಲಿಲ್ಲ. ಮದ್ದಿನ ಚೀಲದ ಮೇಲಿನ ಸಣ್ಣ ಅಕ್ಷರಗಳನ್ನು ಕೊನೆಯವರೆಗೂ ಓದುವ ತಾಳ್ಮೆ ಇರುವವನು ಪಿಳ್ಳಪ್ಪ ಒಬ್ಬನೇ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು, ನನಗೂ ಅದು ಹಿತವಾಗಿಯೇ ಕೇಳಿಸಿತು. ಹೊಗಳಿದರೆ ಉಬ್ಬುವ ಜಾತಿ ನಾನು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ, ನಾಚಿಕೆ ಪಡಬೇಕಾದದ್ದು ಬೇರೆಯೇ ಇದೆ.

ನಮ್ಮದು ಇಳಿಜಾರಿನ ಮೇಲಿನ ಊರು. ಮೇಲಿನಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಮೂವತ್ತಾರು ಹೊಲ. ಎಲ್ಲದರಲ್ಲೂ ಎಲೆಕೋಸು, ಹೂಕೋಸು, ನವಿಲುಕೋಸು, ಬೇರೆ ಏನೂ ಇಲ್ಲ. ನಮ್ಮ ಮಣ್ಣು ತನ್ನ ಮೇಲೆ ನಿಂತು ಆಡಿದ ಮಾತನ್ನು ಒಳಗೆ ಇಟ್ಟುಕೊಳ್ಳುತ್ತದೆ, ಗುದ್ದಲಿ ಹಾಕಿ ಹೆಂಟೆ ಮಗುಚಿದಾಗ ಹೊರಗೆ ಬಿಡುತ್ತದೆ. ಮಹಾ ಮಾತೇನಲ್ಲ. ‘ಬುಟ್ಟಿ ಈ ಕಡೆ ತಳ್ಳು’, ‘ನೀರು ಬಂತಾ’, ‘ಯಾರ ದನ ಅದು’. ನಡುವೆ ಯಾರದೋ ಕೆಮ್ಮು. ಹೊರಗೆ ಬಂದ ಮಾತು ಮಣ್ಣು ಬಿದ್ದಲ್ಲೇ ಮತ್ತೆ ಕೂತುಕೊಳ್ಳುತ್ತದೆ, ಮುಂದಿನ ಅಗೆತಕ್ಕೆ ಮತ್ತೆ ಬರುತ್ತದೆ. ಹೀಗಾಗಿ ನಮ್ಮೂರಿನವರು ಹೊಲದಲ್ಲಿ ಜಗಳವಾಡುವುದಿಲ್ಲ. ಸಿಟ್ಟು ಬಂದರೆ ಗುದ್ದಲಿ ಕೆಳಗಿಟ್ಟು, ಕಲ್ಲಿನ ಬದು ಹತ್ತಿ, ಅಲ್ಲಿ ನಿಂತು ಬೈದಾಡಿ, ಮತ್ತೆ ಇಳಿದು ಕೆಲಸಕ್ಕೆ ಹತ್ತುತ್ತಾರೆ. ಮಾತು ಕೊಡುವುದಿದ್ದರೆ ಮಾತ್ರ ಹೊಲಕ್ಕಿಳಿದು ಕೊಡಬೇಕು. ಬದುವಿನ ಮೇಲೆ ನಿಂತು ಕೊಟ್ಟ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಣ್ಣು ಕೊಡುವವರು ಗಂಡಿನ ಹೊಲವನ್ನು ಒಂದು ಹೊತ್ತು ಅಗೆದು ನೋಡುವುದೂ ಉಂಟು. ನನ್ನ ಹೆಂಡತಿ ಅಕ್ಕಯಮ್ಮನ ಅಪ್ಪ ನಮ್ಮ ಹೊಲವನ್ನು ಮಧ್ಯಾಹ್ನದವರೆಗೆ ಅಗೆದ. ನಮ್ಮಪ್ಪ ಎತ್ತುಗಳ ಜೊತೆ ಬಿಟ್ಟರೆ ಯಾರ ಜೊತೆಯೂ ಮಾತಾಡಿದ್ದೇ ಅವನಿಗೆ ಸಿಗಲಿಲ್ಲ. ಇಂಥ ಮನೆಯಲ್ಲಿ ಮಗಳು ಸುಖವಾಗಿರುತ್ತಾಳೆ ಎಂದು ಕೊಟ್ಟುಬಿಟ್ಟ.

ರೋಗ ಮೊದಲು ಕೆಳಗಿನ ಹೊಲಗಳಿಗೆ ಬಂತು. ಬೆಳಗ್ಗೆ ನೆಟ್ಟಗಿದ್ದ ಗಿಡ ಮಧ್ಯಾಹ್ನದ ಹೊತ್ತಿಗೆ ಎಲೆ ಜೋಲುಬಿಟ್ಟುಕೊಂಡು ನಿಲ್ಲುತ್ತಿತ್ತು, ಸಂಜೆಗೆ ಚೇತರಿಸಿಕೊಳ್ಳುತ್ತಿತ್ತು. ನೀರು ಸಾಲದೆಂದು ನೀರು ಕಟ್ಟಿದೆವು. ಕಟ್ಟಿದಷ್ಟೂ ಹೆಚ್ಚಾಯಿತು. ಕೊನೆಗೆ ಸೊಣ್ಣಪ್ಪ ಒಂದು ಗಿಡ ಕಿತ್ತು ನೋಡಿದ. ಅವನು ನಮ್ಮ ಕೋಸು ಬೆಳೆಗಾರರ ಸಂಘದ ಅಧ್ಯಕ್ಷ, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವನು. ಬೇರು ಇರಬೇಕಾದ ಕಡೆ ಹಸಿಶುಂಠಿಯ ಹಾಗೆ ಊದಿದ ಗಂಟು. ಇನ್ನೊಂದು ಕಿತ್ತ, ಅದೂ ಹಾಗೇ. ಸಾಲು ಪೂರ್ತಿ ಕಿತ್ತು ಬದುವಿನ ಮೇಲೆ ಹಾಕಿ ಅದರ ಪಕ್ಕದಲ್ಲೇ ಕೂತುಬಿಟ್ಟ. ಗಂಟುಬೇರು ಎಂದು ನಾವೇ ಹೆಸರಿಟ್ಟೆವು.

ಸುಣ್ಣ ಹಾಕಿ ನೋಡಿದೆವು, ಪ್ರಯೋಜನವಾಗಲಿಲ್ಲ. ಹದಿನೈದು ಇಪ್ಪತ್ತು ವರ್ಷ ಕೋಸು ಹಾಕದೆ ಬಿಟ್ಟರೆ ಹೋಗಬಹುದು ಎಂದು ಹೊರಗಿನವರು ಹೇಳಿದರು. ಅಷ್ಟು ವರ್ಷ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಆಗ ಸೊಣ್ಣಪ್ಪ ಗಾಳಿಮದ್ದಿನ ಸುದ್ದಿ ತಂದ. ನಾನು ಹೋಗಿ ನಾಲ್ಕು ದಿನ ಕಲಿತು ಬಂದೆ. ಮಣ್ಣನ್ನು ಹದವಾಗಿ ನೆನೆಸಿ, ಮದ್ದಿನ ಹರಳು ಬೆರೆಸಿ, ತಕ್ಷಣ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚನ್ನೆಲ್ಲ ಮಣ್ಣಿನಲ್ಲಿ ಹೂಳಬೇಕು. ಒಳಗೆ ಗಾಳಿ ಹುಟ್ಟುತ್ತದೆ. ಮುಖವಾಡ ಸ್ವಲ್ಪ ಜಾರಿದರೂ ಸಾಸಿವೆ ಅರೆದು ಕಣ್ಣಿಗೆ ಹಚ್ಚಿದಂತಾಗುತ್ತದೆ. ಮೂರು ವಾರ ಬಿಟ್ಟು ಹಾಳೆ ತೆಗೆದು, ಮಣ್ಣು ಸಡಿಲ ಮಾಡಿ ಗಾಳಿಯಾಡಲು ಬಿಡಬೇಕು. ಆಮೇಲೆ ಒಂದು ಗಾಜಿನ ಸೀಸೆಯಲ್ಲಿ ಆ ಮಣ್ಣು ತುಂಬಿ ನಾಲ್ಕು ಸಾಸಿವೆ ಹಾಕಿಡಬೇಕು. ಸಾಸಿವೆ ಮೊಳೆತರೆ ವಿಷ ಹೋಗಿದೆ ಎಂದು ಅರ್ಥ.

ಮೊದಲು ಸೊಣ್ಣಪ್ಪನ ಹೊಲಕ್ಕೆ ಹಾಕಿದೆ. ಹಾಳೆ ತೆಗೆದ ದಿನ ಊರೆಲ್ಲ ಬಂದು ಬದುವಿನ ಮೇಲೆ ನಿಂತಿತ್ತು. ಸೊಣ್ಣಪ್ಪ ಗುದ್ದಲಿ ಹಾಕಿದ. ಏನೂ ಬರಲಿಲ್ಲ. ಇನ್ನೊಂದು ಕಡೆ ಹಾಕಿದ, ಅಲ್ಲಿಯೂ ಇಲ್ಲ. ಗುದ್ದಲಿ ಮಣ್ಣಿಗೆ ಬೀಳುವ ಬರೀ ಸದ್ದು ಹೇಗಿರುತ್ತದೆ ಎಂದು ನಾವು ಮೊದಲ ಸಲ ಕೇಳಿದ್ದು ಅವತ್ತೇ. ಹೊಲ ಪೂರ್ತಿ ಅಗೆದು ಮುಗಿಸಿ ಅವನು ನನ್ನ ಕಡೆ ತಿರುಗಿ, ‘ಮದ್ದು ಚೆನ್ನಾಗಿ ಹಿಡ್ದೈತೆ ಕಣಯ್ಯ’ ಎಂದ. ಆ ಸಲ ಅವನ ಕೋಸು ಎರಡು ಕೈಯಲ್ಲಿ ಹಿಡಿದರೂ ಹಿಡಿಯಲಾರದಷ್ಟು ದಪ್ಪ ಬಂತು. ಅದನ್ನು ನೋಡಿ ಉಳಿದವರು ಒಬ್ಬೊಬ್ಬರಾಗಿ ನನ್ನ ಮನೆ ಬಾಗಿಲಿಗೆ ಬಂದರು.

ಹಾಳೆ ಹೊದಿಸುವ ಹಿಂದಿನ ದಿನ ಕೊನೆ ಅಗೆತ ಎಂದು ಒಂದು ಪದ್ಧತಿ ತಾನಾಗಿಯೇ ಹುಟ್ಟಿಕೊಂಡಿತು. ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಬಂದು, ಗಂಡಸರು ಅಗೆಯುತ್ತ, ಉಳಿದವರು ಕೂತು ಕೇಳುತ್ತ, ಹೊಲದ ಮಾತನ್ನೆಲ್ಲ ಒಂದು ಸಲ ಕೇಳಿ ಮುಗಿಸುವುದು. ಕೆಲವರು ಅತ್ತರು. ಸತ್ತ ಅಪ್ಪನ ಗೊಣಗಾಟ ತಪ್ಪಿತಲ್ಲ ಎಂದು ನಿಟ್ಟುಸಿರು ಬಿಟ್ಟವರೂ ಇದ್ದರು. ಮದ್ದು ಹಾಕಿದ ಮಣ್ಣು ಹೊಸ ಮಾತನ್ನೂ ಹಿಡಿಯುವುದಿಲ್ಲ ಎಂದು ಗೊತ್ತಾದದ್ದು ಆಮೇಲೆ. ಜನ ಹೊಲದಲ್ಲೇ ನಿಂತು ಜಗಳವಾಡಲು ಶುರು ಮಾಡಿದರು. ಬದು ಹತ್ತುವಷ್ಟು ಹೊತ್ತಿನಲ್ಲಿ ಅರ್ಧ ಸಿಟ್ಟು ಇಳಿದುಹೋಗುತ್ತಿದ್ದದ್ದು ನಮಗೆ ಮೊದಲು ತಿಳಿದಿರಲಿಲ್ಲ.

ಬೇಡ ಎಂದವಳು ಆವಲಮ್ಮ ಒಬ್ಬಳೇ. ಎಲ್ಲರಿಗಿಂತ ಮೇಲಿನ ಹೊಲ ಅವಳದು. ಗಂಡ ಲಾರಿ ಓಡಿಸುತ್ತ ಊರೂರು ಸುತ್ತುವವನು, ಬೇಸಾಯವೆಲ್ಲ ಅವಳದೇ. ಇದ್ದೊಬ್ಬಳು ಮಗಳು ಸರೋಜಿ ಏಳನೆಯ ವರ್ಷದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋಗಿದ್ದಳು. ಸಸಿ ನೆಡುವಾಗ ಆ ಮಗು ತಾಯಿಯ ಹಿಂದೆ ಹಿಂದೆ ಬಂದು ಎಣಿಸುತ್ತಿತ್ತಂತೆ. ಹನ್ನೆರಡರವರೆಗೆ ಸರಿಯಾಗಿ ಬಂದು ಆಮೇಲೆ ಹದಿನಾರಕ್ಕೆ ಹಾರುತ್ತಿತ್ತು. ಆ ಎಣಿಕೆ ಹೊಲದ ತುಂಬ ಇತ್ತು. ಆವಲಮ್ಮ ಸಂಘದ ಸಭೆಗೆ ಬಂದು, ‘ನಾನು ಕೋಸೇ ಹಾಕಾಕಿಲ್ಲ. ರಾಗಿ ಬಿತ್ಕಂತೀನಿ, ಹುರುಳಿ ಹಾಕ್ಕಂತೀನಿ. ನನ್ನ ಹೊಲ ಬಿಟ್ಬಿಡಿ’ ಎಂದಳು. ಕೋಸಿನ ಜಾತಿಯ ಗಿಡ ಇಲ್ಲದಿದ್ದರೆ ಗಂಟುಬೇರು ಮಲಗಿಯೇ ಇರುತ್ತದೆ, ನೀರು ಹರಿಯದ ಹಾಗೆ ಸುತ್ತ ಚರಂಡಿ ತೋಡಿಕೊಂಡರೆ ಸಾಕು ಎಂದು ನಾನೇ ಅವಳ ಪರವಾಗಿ ಹೇಳಿದೆ. ಅವಳು ಸೊಂಟದಷ್ಟು ಆಳದ ಚರಂಡಿ ತೋಡಿದಳು. ಹೊಲದಿಂದ ಹೊರಗೆ ಬರುವಾಗಲೆಲ್ಲ ಕಾಲು ತೊಳೆದು, ಗುದ್ದಲಿ ತೊಳೆದು, ಉಗುರಿನ ಸಂದಿಯನ್ನೂ ಕಡ್ಡಿಯಿಂದ ಕೆರೆದುಕೊಂಡು ಬರುತ್ತಿದ್ದಳು. ಉಗುರಿನ ಮಣ್ಣೂ ಸಾಕು ರೋಗ ಹಬ್ಬುವುದಕ್ಕೆ ಎಂದು ಊರಿಗೆಲ್ಲ ಹೇಳಿಕೊಟ್ಟವನು ನಾನು.

ನನ್ನ ಹೊಲದ ಸರದಿ ಬಂತು. ಅಕ್ಕಯಮ್ಮ ತೀರಿಹೋಗಿ ಆಗ ನಾಲ್ಕು ವರ್ಷ. ಕೊನೆ ಅಗೆತಕ್ಕೆ ನಾನು ಯಾರನ್ನೂ ಕರೆಯಲಿಲ್ಲ. ಎರಡು ದಿನ ಒಬ್ಬನೇ ಅಗೆದೆ. ಅವಳ ಮಾತು ಹೆಚ್ಚಾಗಿ ಇದ್ದದ್ದು ಬಾವಿಯ ಪಕ್ಕದ ಮೂಲೆಯಲ್ಲಿ, ಬುತ್ತಿ ಬಿಚ್ಚಿಕೊಂಡು ಕೂರುತ್ತಿದ್ದ ಕಡೆ. ‘ಇಕಾ, ನಿಂಗೆ ಹೊಟ್ಟೆ ಅನ್ನೋದು ಐತೋ ಇಲ್ವೋ. ಬಿಸ್ಲಾತು, ಬಾ ಈಚೆಗೆ.’ ಬದುಕಿದ್ದಾಗ ಆ ಮಾತಿಗೆ ನಾನು ಒಂದು ಸಲವೂ ತಕ್ಷಣ ಎದ್ದು ಬಂದವನಲ್ಲ. ಆವತ್ತು ಹೆಂಟೆ ಮಗುಚಿದಷ್ಟು ಸಲವೂ ‘ಬಂದೆ’ ಎಂದೆ. ಎರಡನೆಯ ದಿನ ಸಂಜೆ ಮನೆಗೆ ಹೋಗಿ ನೀರಿನ ಕೊಡ ತಂದು, ಆ ಮೂಲೆಯ ಮಣ್ಣನ್ನು ಕುತ್ತಿಗೆಯವರೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟೆ. ಮಾರನೆಯ ದಿನ ಮದ್ದು ಹಾಕಿದೆ.

ಒಂದು ತಿಂಗಳು ಆ ಕೊಡದ ತಂಟೆಗೆ ಹೋಗಲಿಲ್ಲ. ಕೊಡದೊಳಗೆ ಕೈ ಹಾಕಿ ಕಲಕಿದರೆ ಮಾತು ಬರುವುದಿಲ್ಲ, ಮಣ್ಣು ನೆಲದಲ್ಲಿರಬೇಕು. ಸೀಸೆಯಲ್ಲಿ ಸಾಸಿವೆ ಮೊಳೆತು, ನನ್ನ ಹೊಲ ಶುದ್ಧ ಎಂದು ಎಲ್ಲರೂ ಒಪ್ಪಿದ ಮೇಲೆ, ಒಂದು ಬೆಳಗ್ಗೆ ಕೊಡ ಹೊತ್ತುಕೊಂಡು ಹೋಗಿ ಬಾವಿಯ ಮೂಲೆಯಲ್ಲಿ ಎರಡು ಮೊಳ ಜಾಗ ಮಾಡಿ ಸುರಿದೆ. ಗುದ್ದಲಿ ಹಾಕಿದೆ. ‘ಇಕಾ’ ಎಂದಳು. ನಾನು ಅಲ್ಲೇ ಕೂತು ಅತ್ತೆ, ಸಂತೋಷಕ್ಕೆ. ಒಂದು ಕೊಡ ಮಣ್ಣಿನಿಂದ ಏನಾಗುತ್ತದೆ, ಆ ಮೂಲೆಯಲ್ಲಿ ನಾನು ಕೋಸು ಹಾಕುವುದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇದೇ ಮಾತನ್ನು ಇನ್ನೊಬ್ಬ ಹೇಳಿದ್ದರೆ ಉಗಿದು ಕಳಿಸುತ್ತಿದ್ದೆ.

ಊರಿನ ಸಸಿಯೆಲ್ಲ ನನ್ನ ಹೊಲದಲ್ಲೇ ಎಬ್ಬಿಸುವುದೆಂದು ಸಂಘದಲ್ಲಿ ತೀರ್ಮಾನವಾಗಿತ್ತು. ಬಾವಿ ಹತ್ತಿರವಿದೆ, ಮಣ್ಣು ಶುದ್ಧವಿದೆ, ಪಿಳ್ಳಪ್ಪನ ಕೈ ನಂಬಬಹುದು. ಮೂಲೆಯಿಂದ ಹತ್ತು ಮಾರು ದೂರದಲ್ಲಿ ಮಡಿ ಮಾಡಿ ಬೀಜ ಹಾಕಿದೆ. ಅದೇ ಗುದ್ದಲಿ, ಅದೇ ಕಾಲು. ಮೊದಮೊದಲು ತೊಳೆದುಕೊಂಡು ಬರುತ್ತಿದ್ದೆ. ಆಮೇಲಾಮೇಲೆ, ಬೆಳಗ್ಗೆ ಒಂದು ಸಲ ಅವಳ ದನಿ ಕೇಳಿ ಕೆಲಸಕ್ಕೆ ಇಳಿಯುವುದು ಅಭ್ಯಾಸವಾದ ಮೇಲೆ, ಎಷ್ಟೋ ದಿನ ಮರೆತೆ. ಮರೆತೆ ಅನ್ನುವುದೂ ಸುಳ್ಳೇ, ಸೋಮಾರಿತನ.

ಆ ಸಲದ ಬೆಳೆಯಲ್ಲಿ ಹನ್ನೊಂದು ಹೊಲದ ಕೋಸು ಮಧ್ಯಾಹ್ನಕ್ಕೆ ಜೋಲು ಬಿತ್ತು. ಕಿತ್ತು ನೋಡಿದರೆ ಅದೇ ಗಂಟು. ಸಂಘದವರೆಲ್ಲ ಕೋಸು ತೂಗುವ ಶೆಡ್ಡಿನಲ್ಲಿ ಸೇರಿದರು. ಎಲ್ಲರ ಕಣ್ಣೂ ಮೇಲಿನ ಹೊಲದ ಕಡೆಗೆ. ‘ಎಲ್ರೂ ಹೊಲದ ಮಾತು ಕಳ್ಕಂಡ್ವಿ. ಅವಳೊಬ್ಳು ಉಳಿಸ್ಕಂಡ್ಳು. ನೀರು ಮೇಲಿಂದ ತಾನೇ ಬರೋದು’ ಎಂದು ಸೊಣ್ಣಪ್ಪ ಹೇಳಿದ. ಚರಂಡಿ ಇದೆ, ಕಾಲು ತೊಳೆಯುತ್ತಾಳೆ ಎಂದು ಯಾರೋ ಅಂದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಹನ್ನೊಂದೂ ನನ್ನ ಕೊನೆಯ ಮಡಿಗಳಿಂದ ಸಸಿ ಒಯ್ದ ಹೊಲಗಳು. ಅವುಗಳಲ್ಲಿ ಐದು ಹೊಲಕ್ಕೆ ಮೇಲಿನ ನೀರು ಹೋಗುವ ದಾರಿಯೇ ಇರಲಿಲ್ಲ. ನನ್ನ ಸಸಿ ಸಾಲದೆ ಹೊರಗಿನಿಂದ ತಂದವರ ಹೊಲ, ಆವಲಮ್ಮನ ಹೊಲಕ್ಕೆ ಅಂಟಿಕೊಂಡಿದ್ದರೂ, ನಳನಳಿಸುತ್ತಿತ್ತು. ಅದು ನನ್ನ ತಲೆಗೆ ಕೂತಲ್ಲೇ ಹೊಳೆಯಿತು. ಬೇರೆ ಯಾರಿಗೂ ಹೊಳೆಯಲಿಲ್ಲ. ನೀನೇನಂತೀಯಾ ಎಂದು ಸೊಣ್ಣಪ್ಪ ನನ್ನನ್ನು ಕೇಳಿದ. ‘ಮದ್ದು ಹಾಕೋದೇ ವಾಸಿ’ ಎಂದೆ.

ಮದ್ದು, ಹಾಳೆ, ಮುಖವಾಡ ಗಾಡಿಗೆ ಹೇರಿಕೊಂಡು ಹೋದಾಗ ಆವಲಮ್ಮ ತನ್ನ ಹೊಲದ ನಡುವೆ ನಿಂತಿದ್ದಳು. ಕೊನೆ ಅಗೆತ ಮುಗಿಸಿದ್ದಳು, ಹೊಲವೆಲ್ಲ ಹಸಿಯಾಗಿ ಮಗುಚಿಕೊಂಡಿತ್ತು. ನಾನು ಬದುವಿನ ಮೇಲೆಯೇ ನಿಂತೆ.

‘ಪಿಳ್ಳಣ್ಣ, ನೀನು ಬಲ್ಲವ್ನು. ನನ್ನ ನೀರಿಂದಾನೇ ಬಂತಾ ರೋಗ?’ ಎಂದು ಕೇಳಿದಳು.

‘ಸಂಘದೋರು ಹೇಳವ್ರಲ್ಲಮ್ಮ.’

‘ಅವ್ರು ಹೇಳ್ತಾರೆ, ಬಿಡು. ನೀನು ಹೇಳು. ಅಲ್ಲಿ ನಿಂತಲ್ಲ, ಇಲ್ಲಿ ಇಳ್ದು ಹೇಳು. ನೀನು ಹೂಂ ಅಂದ್ರೆ ನಾನೇ ಹಾಳೆ ಹಿಡ್ಕಂತೀನಿ.’

ನಾನು ಇಳಿದೆ. ಚಪ್ಪಲಿ ಬಿಟ್ಟು, ಆ ಹಸಿ ಮಣ್ಣಿನಲ್ಲಿ ಹಿಮ್ಮಡಿ ಮುಳುಗುವಂತೆ ನಿಂತು, ‘ಹೂಂ ಕಣಮ್ಮ, ನಿನ್ನ ನೀರಿಂದಾನೇ’ ಎಂದೆ. ಆ ಮಣ್ಣು ನನ್ನ ಮಾತನ್ನು ಇಟ್ಟುಕೊಂಡಿತು. ಇನ್ನೊಂದು ತಾಸಿನಲ್ಲಿ ಅದೂ ಮದ್ದಿಗೆ ಸಾಯುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇಳಿದೆ. ನಮ್ಮೂರಿನಲ್ಲಿ ಹೊಲಕ್ಕಿಳಿದು ಸುಳ್ಳು ಹೇಳಿದವನನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಆವಲಮ್ಮ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದಳು. ‘ಏಳು, ಎಂಟು’ ಎಂದಿತು ಮಗು. ಅವಳು ಅದನ್ನು ಪೂರ್ತಿ ಕೇಳಲಿಲ್ಲ, ನಡೆದು ಬಂದು ಹಾಳೆಯ ಒಂದು ತುದಿ ಹಿಡಿದುಕೊಂಡಳು. ಅಂಚುಗಳನ್ನು ನನಗಿಂತ ಅಚ್ಚುಕಟ್ಟಾಗಿ ಹೂಳಿದವಳು ಅವಳೇ.

ಒಂದು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳು ಬುಟ್ಟಿ ಹಿಡಿದುಕೊಂಡು ನನ್ನ ಹೊಲಕ್ಕೆ ಬಂದಳು. ಸೀಸೆಯಲ್ಲಿ ಸಾಸಿವೆ ಮೊಳೆತಿದೆ ಎಂದಳು. ಮುಖ ಒಣಗಿಹೋಗಿತ್ತು. ‘ಇನ್ನು ರಾಗಿ ಯಾಕೆ ಪಿಳ್ಳಣ್ಣ. ನಾನೂ ಎಲ್ಲಾರಂಗೆ ಕೋಸೇ ಹಾಕ್ತೀನಿ. ನಿನ್ನ ಸಸಿ ಕೊಡು’ ಎಂದಳು.

ಈ ಸಲ ನಾನು ಮಡಿಗಳನ್ನು ಹೊಲದ ಇನ್ನೊಂದು ತುದಿಗೆ ಹಾಕಿದ್ದೆ. ಅದಕ್ಕೇ ಬೇರೆ ಗುದ್ದಲಿ ತಂದಿದ್ದೆ. ಮೂಲೆಯ ಮಣ್ಣನ್ನು ಮಾತ್ರ ಬಿಟ್ಟಿರಲಿಲ್ಲ. ಒಳ್ಳೆಯ ಸಸಿಯನ್ನೇ ಆರಿಸಿ ಕೊಡೋಣವೆಂದು ಒಂದನ್ನು ಮೆಲ್ಲಗೆ ಕಿತ್ತು ಬೇರು ಕೊಡವಿದೆ. ಬಿಳಿ ಬೇರಿನ ಮೇಲೆ ರಾಗಿಕಾಳಿನಷ್ಟು ದಪ್ಪದ ಗಂಟು. ಇನ್ನೊಂದು ಕಿತ್ತೆ, ಅದರಲ್ಲಿ ಎರಡು. ಅವಳು ಬುಟ್ಟಿ ಚಾಚಿಕೊಂಡು ನಿಂತೇ ಇದ್ದಳು. ಸಸಿ ಇನ್ನೂ ಎಳಸು, ಮುಂದಿನ ವಾರ ಬಾ ಎಂದು ಹೇಳಿ ಕಳಿಸಬಹುದಿತ್ತು. ಅಷ್ಟು ಕೆಟ್ಟವನಾಗಲು ಇನ್ನೂ ಸ್ವಲ್ಪ ಬಾಕಿಯಿತ್ತೋ ಏನೋ, ಹಾಗೆ ಹೇಳಲಿಲ್ಲ. ಎರಡೂ ಸಸಿಯನ್ನು ಅವಳ ಅಂಗೈಯಲ್ಲಿ ಇಟ್ಟೆ.

ಅವಳು ನೋಡಿದಳು. ‘ಇದು ಇಲ್ಲಿಗೆ ಹೆಂಗೆ ಬಂತು?’ ಎಂದಳು.

ಎಲ್ಲವನ್ನೂ ಹೇಳಿದೆ. ಕೊಡ, ಅಟ್ಟ, ಬಾವಿಯ ಮೂಲೆ, ಹನ್ನೊಂದು ಹೊಲ. ‘ನಿನ್ನ ನೀರಿಂದ ಬರಲಿಲ್ಲ ಕಣಮ್ಮ, ನನ್ನ ಕಾಲಿಂದ ಬಂತು. ನಿನ್ನ ಹೊಲದಾಗೆ ನಿಂತು ಸುಳ್ಳು ಹೇಳಿದೆ’ ಎಂದೆ. ಬೈಯಲಿ, ಸಗಣಿ ಎತ್ತಿ ಮುಖಕ್ಕೆ ಎಸೆಯಲಿ ಎಂದು ಕಾದೆ. ಅವಳು ಬುಟ್ಟಿ ಕೆಳಗಿಟ್ಟು ಮೂಲೆಗೆ ನಡೆದಳು. ಅಲ್ಲಿದ್ದ ಗುದ್ದಲಿ ತೆಗೆದುಕೊಂಡು ಎತ್ತಿ ಹಾಕಿದಳು. ಸಿಟ್ಟಿನ ಏಟು ಅದು, ಮಣ್ಣು ಅಂಗೈ ಆಳಕ್ಕೆ ಎದ್ದಿತು.

‘ತಿನ್ನೇ, ನಿಮ್ಮವ್ವಂಗೆ ಹೇಳಾಕಿಲ್ಲ’ ಎಂದಳು ಅಕ್ಕಯಮ್ಮ, ಮೆಲ್ಲಗೆ, ನಗುತ್ತ. ಅದಕ್ಕೆ ಒಂದು ಸಣ್ಣ ದನಿ, ಬಾಯಲ್ಲಿ ಏನನ್ನೋ ತುಂಬಿಕೊಂಡು, ‘ಅತ್ತೆ, ಇನ್ನೊಂದು’ ಎಂದಿತು.

ಆವಲಮ್ಮ ಗುದ್ದಲಿ ಬಿಟ್ಟು, ‘ನಮ್ ಸರೋಜಿ’ ಎಂದಳು.

ನನಗೆ ಅದು ಹೊಸದಲ್ಲ. ನೂರು ಸಲ ಕೇಳಿದ್ದೆ. ಅಕ್ಕಯಮ್ಮನಿಗಾಗಿ ಕಿವಿ ಇಟ್ಟುಕೊಂಡು ಕೂತವನಿಗೆ, ಅವಳ ಮಾತಿನ ಹಿಂದೆಯೇ ಬರುತ್ತಿದ್ದ ಆ ಸಣ್ಣ ದನಿ ಯಾರದು ಎಂದು ಒಂದು ದಿನವೂ ಅನಿಸಿರಲಿಲ್ಲ. ಅದು ಮುಗಿಯಲಿ, ಮುಂದಿನದು ಬರಲಿ ಎಂದು ಕಾಯುತ್ತಿದ್ದೆ. ಮಕ್ಕಳಿಲ್ಲದ ಅಕ್ಕಯಮ್ಮ ಯಾರ ಮಗುವನ್ನು ಕರೆದು ಕೂರಿಸಿಕೊಂಡು ಬೆಲ್ಲ ಕೊಡುತ್ತಿದ್ದಳು ಎಂದು ಬದುಕಿದ್ದಾಗಲೂ ನಾನು ತಲೆ ಎತ್ತಿ ನೋಡಿದವನಲ್ಲ.

ಆವಲಮ್ಮ ಮಣ್ಣಿನ ಮೇಲೆಯೇ ಕುಕ್ಕರಿಸಿದಳು. ‘ಇನ್ನೊಂದ್ಸಲ ಅಗಿ’ ಎಂದಳು. ಅಗೆದೆ. ‘ಬಿಸ್ಲಾತು, ಬಾ’ ಬಂತು, ಬಾವಿಯ ಹಗ್ಗದ ಬಗ್ಗೆ ಏನೋ ಬಂತು, ಆಮೇಲೆ ಮತ್ತೆ ಆ ಎರಡು ಮಾತು. ನಾಲ್ಕು ಸಲವೋ ಐದು ಸಲವೋ ಆದ ಮೇಲೆ ನಾನು ನಿಲ್ಲಿಸಿದೆ. ‘ನಾಳೆ ಸಭೆ ಕರೆಸ್ತೀನಿ. ಎಲ್ಲಾರ್ ಮುಂದೆ ಹೇಳ್ತೀನಿ’ ಎಂದೆ. ಹೇಳಿಯೇ ಹೇಳುತ್ತಿದ್ದೆ ಎಂದುಕೊಳ್ಳುತ್ತೇನೆ.

ಅವಳು ತಲೆ ಎತ್ತಿದಳು. ‘ಹೇಳಿದ್ರೆ ಏನ್ ಮಾಡ್ತಾರೆ?’

‘ಈ ಮೂಲೆಗೂ ಮದ್ದು ಹಾಕ್ತಾರೆ.’

‘ಹಂಗಾರೆ ಹೇಳಬ್ಯಾಡ.’

‘ಹೇಳ್ದೇ ಇದ್ರೆ ಊರಿನ ಕೋಸೆಲ್ಲ ಹೋಯ್ತದೆ ಕಣಮ್ಮ. ಇವತ್ತು ಹನ್ನೊಂದು, ನಾಳಿಕ್ಕೆ ಎಲ್ಲಾದೂ.’

‘ಹೋಗ್ಲಿ’ ಎಂದಳು.

‘ಸಸಿಯಾದ್ರೂ ನಿಲ್ಲಿಸ್ತೀನಿ. ಈ ಮಡಿ ಕಿತ್ತಾಕ್ತೀನಿ.’

‘ನಿಲ್ಲಿಸಿದ್ರೆ ಯಾಕೆ ಅಂತ ಕೇಳ್ತಾರೆ. ಕೇಳಿದ್ರೆ ಬಂದು ಅಗಿತಾರೆ.’ ಅವಳು ಎದ್ದು ಸೀರೆಗೆ ಅಂಟಿದ್ದ ಮಣ್ಣನ್ನು ಕೊಡವಲು ಹೋಗಿ, ಹಾಗೇ ಬಿಟ್ಟಳು. ‘ನನ್ನ ಮಗೀನ ನೀನು ತಕ್ಕಂಡೆ. ಇದನ್ನ ಯಾರ್ಗೂ ಕೊಡಬ್ಯಾಡ’ ಎಂದು ಹೇಳಿ, ಬುಟ್ಟಿಯನ್ನು ಅಲ್ಲೇ ಮರೆತು ಹೊರಟುಹೋದಳು. ಬದು ಹತ್ತುವಾಗ ಕಾಲು ತೊಳೆಯಲಿಲ್ಲ.

ಈಗ ದಿನಾ ಮಧ್ಯಾಹ್ನ ಬರುತ್ತಾಳೆ. ನಾನು ಅಗೆಯುತ್ತೇನೆ, ಅವಳು ಕೂತು ಕೇಳುತ್ತಾಳೆ. ನಾವಿಬ್ಬರೂ ಮಾತಾಡುವುದಿಲ್ಲ, ಆಡಿದರೆ ಅದೂ ಆ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ. ಎಷ್ಟೋ ದಿನ ಅಕ್ಕಯಮ್ಮನ ಮಾತು ಬರುವಾಗ ನಾನು ಅವಳ ಮುಖವನ್ನೇ ನೋಡುತ್ತಿರುತ್ತೇನೆ, ಕೇಳುವುದನ್ನು ಮರೆತುಬಿಡುತ್ತೇನೆ. ಕೆಳಗಿನ ಹನ್ನೊಂದು ಹೊಲಕ್ಕೂ ಎರಡನೆಯ ಸಲ ಹಾಳೆ ಹೊದಿಸಿ, ಮೂರು ವಾರ ಕಳೆದು, ನಾನೇ ತೆಗೆದು ಬಂದೆ. ಸೀಸೆಗಳಲ್ಲೆಲ್ಲ ಸಾಸಿವೆ ಮೊಳೆತಿದೆ. ನನ್ನ ಮಡಿಗಳನ್ನು ನಾನು ಕಿತ್ತುಹಾಕಿಲ್ಲ. ಸಸಿ ಯಾವತ್ತು ಕೊಡುತ್ತೀಯ ಎಂದು ಸೊಣ್ಣಪ್ಪ ಬೆಳಗ್ಗೆ ಕೇಳಿ ಕಳಿಸಿದ್ದ. ಸೋಮವಾರ ಎಂದು ಹೇಳಿದ್ದೇನೆ.